ಬರಕತ್ತಿನ ಒಂದು ಕೊಪ್ಪರಿಗೆ

ನಮ್ಮ ಅಂಗಡಿಯ ಹಳೆಯ ಲೆಕ್ಕದ ವಹಿಯಲ್ಲಿ ಸೊನ್ನೆ ಒಂಟಿಯಾಗಿ ಎಲ್ಲೂ ನಿಂತಿರಲಿಲ್ಲ. ಹತ್ತರ ಪಕ್ಕ, ನೂರರ ಪಕ್ಕ ಬೇಕಾದಷ್ಟಿದ್ದವು. ಒಂದು ಸಾಮಾನಿನ ಹೆಸರಿನ ಎದುರು ಬರೀ ಸೊನ್ನೆ ಬರೆದ ಪುಟವನ್ನು ಹುಡುಕಿ ಕೊಟ್ಟವರಿಗೆ ನಾನು ಈಗಲೂ ಚಹಾ ಕುಡಿಸುತ್ತೇನೆ.

ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಪಾತ್ರೆ, ಬಾಂಡೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಬೆಟಗೇರಿಯಲ್ಲಿ ಮುಖ್ಯ ಅಂಗಡಿ, ಹಿಂದೆ ಗೋದಾಮು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೊಂದು ಶಾಖೆ. ನಮ್ಮದು ಎಂದೆನಲ್ಲ, ಅದು ಬಾಯಿಯ ಚಾಳಿ. ಅಂಗಡಿ ಮಾಲೀಕರದು, ನಾನು ಅಲ್ಲಿ ಬರೆಯುವವಳು. ಅಸುಂಡಿಯಿಂದ ದಿನಾ ಬಸ್ಸಿನಲ್ಲಿ ಬಂದು, ಯಾವ ಹಂಡೆ ಯಾವ ಊರಿಗೆ ಹೋಯಿತು, ಯಾವ ಜಮಖಾನೆ ಯಾರ ಮನೆಯಲ್ಲಿ ಮಲಗಿಬಿಟ್ಟಿತು ಎಂದು ಬರೆದಿಡುವುದು ನನ್ನ ಕೆಲಸ. ಮಾಲೀಕರಿಗೆ ಎಪ್ಪತ್ತು ದಾಟಿದೆ. ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ, ನಾನೂ.

ಚಾಚಾನ ಅಜ್ಜ ಹಾಕಿಕೊಟ್ಟ ರೂಢಿಗಳು ಎರಡು. ಮೊದಲನೆಯದು, ವಹಿಯಲ್ಲಿ ಯಾವ ಸಾಮಾನೂ ಮುಗಿಯಬಾರದು. "ಸೊನ್ನಿ ಬರದ್ರ ಬರಕತ್ ಹೋಗತೈತಿ" ಎನ್ನುವುದು ಆ ಮನೆಯ ಮಾತು. ಬರಕತ್ತು ಎಂದರೆ ಸಮೃದ್ಧಿ. ಆದ್ದರಿಂದ ಗೋದಾಮಿನಲ್ಲಿ ನಲವತ್ತು ಹಂಡೆ ಇದ್ದರೆ ವಹಿಯಲ್ಲಿ ನಲವತ್ತೊಂದು. ನಲವತ್ತೂ ಮದುವೆಗೆ ಹೋದ ದಿನ ವಹಿಯಲ್ಲಿ ಒಂದು ಉಳಿಯುತ್ತದೆ. ಆ ಒಂದು ಹಂಡೆ ಲೋಕದಲ್ಲಿ ಎಲ್ಲೂ ಇಲ್ಲ. ಅದು ಬರಕತ್ತಿನ ಒಂದು. ಹೊಸಬರಿಗೆ ತಿಳಿಯಲಿ ಎಂದು ಅದರ ಎದುರು ಷರಾ ಖಾನೆಯಲ್ಲಿ, ಅಂದರೆ ಟಿಪ್ಪಣಿ ಬರೆಯುವ ಅಂಕಣದಲ್ಲಿ, ಒಂದು ಅರಿಶಿಣದ ಚುಕ್ಕೆ. ಬರಕತ್ತು ಚಾಚಾನ ಅಜ್ಜನದು, ಅರಿಶಿಣ ಆ ಕಾಲದ ಗುಮಾಸ್ತರದು. ಇಬ್ಬರೂ ಸೇರಿ ಮಾಡಿದ ಈ ವ್ಯವಸ್ಥೆ ಒಂದು ದಿನವೂ ತಪ್ಪಿರಲಿಲ್ಲ.

ಎರಡನೆಯ ರೂಢಿ, ದೊಡ್ಡ ಪಾತ್ರೆ ಖಾಲಿ ಹೋಗಬಾರದು, ಖಾಲಿ ಬರಬಾರದು. ಹೋಗುವಾಗ ಒಳಗೆ ಒಂದು ಬೆಲ್ಲದ ಹೆಂಟೆ ಹಾಕಿ ಕಳಿಸುತ್ತೇವೆ. ಬರುವಾಗ ಮದುವೆ ಮನೆಯವರು ಮಾಡಿದ ಅಡುಗೆಯಲ್ಲೇ ಏನಾದರೊಂದು ಇಟ್ಟು ಕಳಿಸುತ್ತಾರೆ.

ದೊಡ್ಡ ಪಾತ್ರೆ ಎಂದರೆ ನಮ್ಮಲ್ಲಿ ಕೊಪ್ಪರಿಗೆ. ತಾಮ್ರದ್ದು, ನನ್ನ ಎದೆಯ ಮಟ್ಟ ಬರುತ್ತದೆ. ಇಡೀ ಊರಿಗಾಗುವಷ್ಟು ಗೋಧಿ ಹುಗ್ಗಿ ಅದರಲ್ಲಿ ಒಂದೇ ಸಲಕ್ಕೆ ಆಗುತ್ತದೆ. ಅಂಥದ್ದು ಇರುವುದು ಒಂದೇ. ಅಂದಮೇಲೆ ವಹಿಯಲ್ಲಿ ಎರಡು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿದವಳು ನಾನು. ನಾಲ್ಕು ಊರಿಗೆ ನಾಲ್ಕು ವಹಿ, ದಿನಕ್ಕೆ ನಲವತ್ತು ಫೋನು. "ನಿಮ್ಮಲ್ಲಿ ಜಮಖಾನಿ ಎಷ್ಟ ಅದಾವ್ರಿ?" ಎಂದು ಕೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಸಿದರೆ ನಾಲ್ಕೂ ಶಾಖೆಯವರು ಒಂದೇ ಪಟ್ಟಿ ನೋಡಬಹುದು ಎಂದು ಚಾಚಾನ ಬೆನ್ನು ಹತ್ತಿದೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಗೂಡಿಗೆ ಕೈ ಹಾಕಿದ್ದು ಹೀಗೆ.

ಗದಗಿನಿಂದ ಸಾಫ್ಟ್‌ವೇರ್ ಮಾರುವವರು ಬಂದರು. ಒಂದೇ ಸಾಫ್ಟ್‌ವೇರಿನ ಮೂರು ಆವೃತ್ತಿ ತೋರಿಸಿದರು. ಚಾಚಾ ಬಾಂಡೆ ನೋಡುವ ಹಾಗೆ ಕತ್ತು ಓರೆ ಮಾಡಿ ನೋಡಿ, ಅವಕ್ಕೆ ಸಣ್ಣದು, ನಡಕಿಂದು, ದೊಡ್ಡದು ಎಂದು ಹೆಸರಿಟ್ಟುಬಿಟ್ಟರು.

"ಸಣ್ಣದಕ್ಕೂ ದೊಡ್ಡದಕ್ಕೂ ಏನ ಫರಕ್ರಿ?" ಎಂದು ಕೇಳಿದೆ.

"ಸಣ್ಣದ್ರಾಗ ಒಂದ ಹೊತ್ತಿಗೆ ಒಬ್ರ ಕೆಲಸ ಮಾಡಬಹುದ್ರಿ. ಸಾಮಾನಿನ ಹೆಸರು ಅರವತ್ತಷ್ಟ ಹಾಕಾಕ ಬರತೈತಿ. ಷರಾ ಖಾನೆಗೆ ಕೀಲಿ ಇರತೈತ್ರಿ. ದೊಡ್ಡದ್ರಾಗ ಎಲ್ಲಾ ಬಿಚ್ಚೇ ಇರತೈತಿ."

"ಅದೆಲ್ಲಾ ಇರಲಿ. ಸಣ್ಣದ್ರಾಗ ಹುಗ್ಗಿ ಬೇಯತೈತಿಲ್ಲೋ?" ಎಂದರು ಚಾಚಾ.

ಮಾರುವವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. "ಬೇಯತೈತ್ರಿ" ಎಂದರು.

"ಹಂಗಾರ ಸಣ್ಣದ ಇರಲಿ. ತುಂಬಿ ಚೆಲ್ಲಾಕ ಹತ್ತಿದ ಮ್ಯಾಲ ದೊಡ್ಡದು ತರೂಣು."

ಇದರಲ್ಲಿ ಚಾಚಾನದೊಬ್ಬರದೇ ತಪ್ಪಿಲ್ಲ. "ಅರವತ್ತು ಹೆಸರು ಸಾಕಾಗತಾವ ಅಲ್ಲಾ ಬೇಟಿ?" ಎಂದು ಅವರು ಕೇಳಿದಾಗ, ಎಣಿಸದೇ ಹ್ಞೂಂ ಎಂದವಳು ನಾನೇ.

ಎಣಿಸಿದಾಗ ನೂರು ದಾಟಿತು. ಕೂಡುಕುಟುಂಬ ಮಾಡುವುದೊಂದೇ ದಾರಿಯಾಗಿತ್ತು. ಸೌಟು, ಜಾಲರಿ ಸೌಟು, ಹುಟ್ಟು, ಇಕ್ಕಳ ಎಲ್ಲವನ್ನೂ 'ಸೌಟು ಮತ್ತು ಬಂಧುಗಳು' ಎಂಬ ಒಂದೇ ಹೆಸರಿನಡಿ ತುಂಬಿದೆ. ಲೋಟಕ್ಕೂ ಬಟ್ಟಲಿಗೂ ಗಂಟು ಹಾಕಿದೆ. ಅದರ ಫಲವಾಗಿ ಶಿರಹಟ್ಟಿ ಕಡೆಯ ಒಂದು ಸೀಮಂತಕ್ಕೆ ಇನ್ನೂರು ಲೋಟದ ಬದಲು ನೂರು ಲೋಟ, ನೂರು ಬಟ್ಟಲು ಹೋದವು. ಅರ್ಧ ಪಂಕ್ತಿ ಬಟ್ಟಲಲ್ಲಿ ನೀರು ಕುಡಿಯಿತು. ಯಾರೂ ಜಗಳಕ್ಕೆ ಬರಲಿಲ್ಲ. ಇದೇನೋ ಹೊಸ ಪದ್ಧತಿ ಇರಬೇಕೆಂದು ತಿಳಿದರಂತೆ.

ವಹಿಯಲ್ಲಿದ್ದ ಅಂಕಿಗಳನ್ನು ಏರಿಸುವಾಗ ಚಾಚಾ ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬರಕತ್ತಿನ ಒಂದು ಬಿಟ್ಟುಹೋಗಬಾರದಲ್ಲ. ಹಂಡೆ ನಲವತ್ತೊಂದು, ಕೊಪ್ಪರಿಗೆ ಎರಡು, ಎಲ್ಲವೂ ವಹಿಯಲ್ಲಿದ್ದಂತೆಯೇ ಹೋದವು. ಅರಿಶಿಣದ ಚುಕ್ಕೆಯ ಬದಲು ಏನಾದರೊಂದು ಗುರುತು ಹಾಕೋಣವೆಂದು ಷರಾ ಖಾನೆ ಒತ್ತಿದೆ. ಒಂದು ಬೂದು ಬಣ್ಣದ ಕೀಲಿಯ ಚಿತ್ರ ಮೂಡಿ, ದೊಡ್ಡ ಆವೃತ್ತಿ ಕೊಳ್ಳಿರಿ ಎಂದಿತು. ಇರಲಿ, ಎಲ್ಲರಿಗೂ ಗೊತ್ತಿರುವ ವಿಷಯವೇ ಎಂದು ಮುಂದಿನ ಸಾಲಿಗೆ ಹೋದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಲ್ಲಿ ಹೆಂಗಸರಿಗೇನೂ ರಿಯಾಯಿತಿ ಇಲ್ಲ.

ನಿಜವಾದ ಗೋಳು ಶುರುವಾದದ್ದು ಒಂದು ಹೊತ್ತಿಗೆ ಒಬ್ಬರು ಎಂಬ ನಿಯಮದಿಂದ. ಒಬ್ಬರು ಒಳಗೆ ಇರುವಾಗ ಇನ್ನೊಬ್ಬರು ಬಂದರೆ ಮೊದಲಿನವರು ಹೊರಗೆ ಬೀಳುತ್ತಿದ್ದರು. ಬರೆಯುತ್ತಿದ್ದುದು ಅಲ್ಲೇ ಅಳಿಸಿಹೋಗುತ್ತಿತ್ತು. ಕೊನೆಗೆ ನಾಲ್ಕು ಶಾಖೆಗೂ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದೆ. ಗುಂಪಿನ ಹೆಸರು 'ಒಳಗ ಯಾರಾದೀರಿ'. ಒಳಗೆ ಹೋಗುವ ಮೊದಲು ಕೇಳಬೇಕು, ಹೊರಗೆ ಬಂದ ಮೇಲೆ ಹೇಳಬೇಕು.

ಮುಂಡರಗಿ ಶಾಖೆ ನೋಡಿಕೊಳ್ಳುವವರು ನಿವೃತ್ತ ಬಸ್ ಕಂಡಕ್ಟರು. ಅವರಿಗೆ ಈ ಪದ್ಧತಿ ಬಹಳ ಹಿಡಿಸಿತು. ಕೆಲಸ ಮುಗಿದ ಕೂಡಲೇ "ರೈಟ್" ಎಂದು ಬರೆಯುತ್ತಿದ್ದರು. ಶಿರಹಟ್ಟಿಯವರು ತಮ್ಮ ಸರದಿ ಬರುವವರೆಗೂ ಪಾಪ ಸುಮ್ಮನೆ ಕಾಯುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಚಾಚಾನ ತಮ್ಮ, ನಾವೆಲ್ಲ ಕಾಕಾ ಎನ್ನುವುದು. ಅವರು ಕೇಳುತ್ತಲೂ ಇರಲಿಲ್ಲ, ಹೇಳುತ್ತಲೂ ಇರಲಿಲ್ಲ. ಅಣ್ಣನ ಮನೆಗೆ ಬರುವ ಹಾಗೆ ನೇರ ಒಳಗೆ ಬಂದು ಕೂತುಬಿಡುತ್ತಿದ್ದರು.

ಒಂದು ದಿನ ಸೊರಟೂರಿನಿಂದ ಒಬ್ಬ ಹಿರಿಯರು ಬಂದರು. ಧೋತರ, ಕೈಯಲ್ಲಿ ಲಗ್ನಪತ್ರಿಕೆಯ ಕಟ್ಟು. ಮೊಮ್ಮಗಳ ಮದುವೆ, ಭಾನುವಾರದ ಮುಹೂರ್ತ.

"ಬ್ಯಾರೆ ಏನ ಇಲ್ಲದಿದ್ರೂ ನಡೀತೈತ್ರಿ ಬಾಯಾರ. ಕೊಪ್ಪರಿಗಿ ಮಾತ್ರ ಬೇಕ ಬೇಕು. ಇಡೀ ಊರಿಗೆ ಹುಗ್ಗಿ ಹೇಳೇನಿ."

ಸಾಫ್ಟ್‌ವೇರ್ ತೆರೆದೆ. ತಾರೀಖು ಹಾಕುವಷ್ಟರಲ್ಲಿ ಕಾಕಾ ಲಕ್ಷ್ಮೇಶ್ವರದಿಂದ ಒಳಗೆ ಬಂದು ನನ್ನನ್ನು ಹೊರಗೆ ಹಾಕಿದರು. ಮತ್ತೆ ಹೋದೆ. ಮತ್ತೆ ಹಾಕಿದರು. ಹಿರಿಯರು ತಾಳ್ಮೆಯಿಂದ ಎಲೆ ಅಡಿಕೆ ಹಾಕಿಕೊಂಡರು. ಮೂರನೆಯ ಸಲ ಒಳಗೆ ಹೋದಾಗ ಪರದೆಯ ಮೇಲೆ ಕಾಣಿಸಿತು: ಕೊಪ್ಪರಿಗೆ, ಆ ದಿನಕ್ಕೆ ಉಳಿದಿರುವುದು 1. ಕಾಕಾ ಮತ್ತೆ ಬರುವುದರೊಳಗೆ ಒತ್ತಿಬಿಟ್ಟೆ.

ಒಂದು ತಿಂಗಳ ಹಿಂದೆಯೇ ಮುಂಡರಗಿಯ ಕಂಡಕ್ಟರು ಅದೇ ಭಾನುವಾರಕ್ಕೆ ಅದೇ ಕೊಪ್ಪರಿಗೆಯನ್ನು ಡೋಣಿಯ ಒಂದು ಮದುವೆಗೆ ಬರೆದುಕೊಂಡಿದ್ದರು. ಎರಡರಲ್ಲಿ ಒಂದು ಹೋಗಿ ಉಳಿದಿದ್ದ ಆ ಒಂದು ಬರಕತ್ತಿನದು. ಹಂಡೆಯದಾಗಿದ್ದರೆ ನಲವತ್ತೊಂದರಲ್ಲಿ ಒಂದು ಉಳಿದಿದೆಯೆಂದು ಕಂಡ ಕೂಡಲೇ ನನಗೆ ಎಚ್ಚರವಾಗುತ್ತಿತ್ತು. ಕೊಪ್ಪರಿಗೆ ಇರುವುದೇ ಒಂದು, ತೋರಿಸಿದ್ದೂ ಒಂದು. ಇದಕ್ಕಿಂತ ನಂಬಿಗಸ್ತ ಉತ್ತರ ಇನ್ನೇನಿರುತ್ತದೆ? ತಪ್ಪನ್ನು ಕಾಕಾನ ಮೇಲೆ ಹಾಕಬಹುದು, ಕೀಲಿಯ ಚಿತ್ರದ ಮೇಲೆ ಹಾಕಬಹುದು. ಏನೇ ಹೇಳಿದರೂ ಒತ್ತಿದ ಬೆರಳು ನನ್ನದು.

ಚೀಟಿ ಮುದ್ರಿಸಿ ಕೊಟ್ಟೆ. ಸಣ್ಣ ಆವೃತ್ತಿಯ ಚೀಟಿಯ ಮೇಲೆ ಅಡ್ಡಡ್ಡ ಬೂದು ಅಕ್ಷರಗಳು ಬರುತ್ತವೆ, ದೊಡ್ಡದಕ್ಕೆ ಬದಲಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ.

"ಇದೇನ್ರಿ, ಭಸ್ಮ ಬಳದಂಗ?"

"ಕಂಪನಿಯವರ ಆಶೀರ್ವಾದರಿ" ಎಂದೆ. ಹಿರಿಯರು ಚೀಟಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು.

ಮದುವೆಯ ವಾರ, ಗುರುವಾರ ಮುಂಜಾನೆ, ಗಾಡಿಗೆ ಹೇರುವ ಪಟ್ಟಿಗಳನ್ನು ತೆಗೆದು ಹಮಾಲ ಮಾಮಾನ ಕೈಗೆ ಕೊಟ್ಟೆ. ಮಾಮಾ ನಮ್ಮ ಗೋದಾಮಿನ ಹಿರಿಯರು. ಕನ್ನಡಕ ಏರಿಸಿ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಗೋದಾಮಿಗೆ ಹೋದರು, ತಿರುಗಿ ಬಂದರು.

"ಬಾಯಾರ, ಡೋಣಿಗೆ ಒಂದ ಕೊಪ್ಪರಿಗಿ ಅಂತ ಐತಿ. ಸೊರಟೂರಿಗೆ ಒಂದ ಅಂತ ಐತಿ. ಒಂದ ಕಂಡೆ. ಇನ್ನೊಂದನ್ನ ಎಲ್ಲಿ ಇಟ್ಟೀರಿ?"

ಭಾನುವಾರಕ್ಕೆ ಉಳಿದದ್ದು ಮೂರು ದಿನ. ಎರಡು ಊರು, ಎರಡು ಮದುವೆ, ಇಬ್ಬರ ಕೈಯಲ್ಲೂ ನಮ್ಮದೇ ಚೀಟಿ.

ಮೊದಲು ಗದಗಿನ ಉಳಿದ ಅಂಗಡಿಗಳಿಗೆಲ್ಲ ಫೋನು ಮಾಡಿದೆ. ಅಂದು ದೊಡ್ಡ ಮುಹೂರ್ತ, ಎಲ್ಲರ ಗೋದಾಮೂ ಖಾಲಿ. ಎರಡು ನಡುವಿನ ಪಾತ್ರೆ ಕೊಟ್ಟರೆ ಹೇಗೆಂದು ಸೊರಟೂರಿನ ಅಡುಗೆಯವರನ್ನು ಕೇಳಿದೆ. "ಎರಡು ಪಾತ್ರಿ ಹುಗ್ಗಿ ಎರಡು ರುಚಿ ಆಗತೈತ್ರಿ. ಆ ಪಂಕ್ತಿಗೆ ಛಲೋದು ಹಾಕಿದ್ರಿ, ಈ ಪಂಕ್ತಿಗೆ ಕೆಟ್ಟದ್ದು ಹಾಕಿದ್ರಿ ಅಂತ ಊರಾಗ ಜಗಳ ಹತ್ತತಾವು" ಎಂದರು.

ಸಾಫ್ಟ್‌ವೇರ್ ಮಾರುವವರಿಗೂ ಫೋನು ಹಚ್ಚಿದೆ. ಅವರು ಬಹಳ ಉತ್ಸಾಹದಿಂದ, "ಅದಕ್ಕ ದೊಡ್ಡದು ತಗೋರಿ ಅಂದಿದ್ದೆ ಮೇಡಂ. ಅದ್ರಾಗ ಮೀಸಲು ಅಂತ ಒಂದು ಖಾನೆ ಐತಿ, ಇಂಥಾ ತಪ್ಪು ಆಗೂದ ಇಲ್ಲ" ಎಂದರು.

ಚಾಚಾ ಪಕ್ಕದಲ್ಲೇ ಇದ್ದರು. "ಈಗ ದೊಡ್ಡದು ಹಾಕಿದ್ರ ಭಾನುವಾರದಾಗ ಇನ್ನೊಂದು ಕೊಪ್ಪರಿಗಿ ಹುಟ್ಟತೈತೇನು, ಕೇಳು."

ಕೇಳಿದೆ. ಹುಟ್ಟುವುದಿಲ್ಲವಂತೆ.

ಲಕ್ಷ್ಮೇಶ್ವರದಿಂದ ಕಾಕಾ ಫೋನಿನಲ್ಲೇ ತೀರ್ಪು ಕೊಟ್ಟರು. "ಡೋಣಿಯವ್ರಿಗೆ ಕೊಪ್ಪರಿಗಿ ಕಲಾಯಿಗೆ ಹೋಗೇತಿ ಅಂತ ಹೇಳಿಬಿಡು. ಮುಗೀತು." ಮುಂಡರಗಿಯ ಕಂಡಕ್ಟರು ಸಿಟ್ಟಿಗೆದ್ದರು. "ಮೊದಲ ಟಿಕೇಟು ತಗೊಂಡವರಿಗೆ ಸೀಟು. ಡೋಣಿಯವ್ರನ್ನ ಇಳಿಸಿದ್ರ ನಾ ಸುಮ್ಮನಿರೂದಿಲ್ಲ" ಎಂದರು. ಚಾಚಾ ಇಬ್ಬರದೂ ಕೇಳಿ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಮದವಿ ಮನಿಗೆ ಸುಳ್ಳ ಹೇಳಾಕ ನಮ್ಮಜ್ಜ ಈ ಅಂಗಡಿ ತಗದಿಲ್ಲ" ಎಂದರು. ಆಮೇಲೆ ನನ್ನನ್ನೂ ನೋಡದೆ, ಹಳೆಯ ವಹಿಯನ್ನು ಕಪಾಟಿನಿಂದ ತೆಗೆದು ಧೂಳು ಒರೆಸತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಧೂಳು ಒರೆಸುವುದನ್ನು ನೋಡಲಾಗಲಿಲ್ಲ.

ಒಂದು ಕಾಗದ ತೆಗೆದುಕೊಂಡು ಹೊತ್ತು ಲೆಕ್ಕ ಹಾಕಿದೆ. ಹುಗ್ಗಿಗೆ ಮೂರು ತಾಸು. ಡೋಣಿಯವರು ಬೆಳಗಿನ ಜಾವವೇ ಒಲೆ ಹೊತ್ತಿಸಿ, ಎಂಟಕ್ಕೆ ಹುಗ್ಗಿಯನ್ನು ಹಂಡೆಗಳಿಗೆ ಬಗ್ಗಿಸಿಕೊಂಡರೆ, ಕೊಪ್ಪರಿಗೆ ಹತ್ತರೊಳಗೆ ಸೊರಟೂರು ಮುಟ್ಟುತ್ತದೆ. ಒಂದು ಗಂಟೆಗೆ ಅಲ್ಲಿನ ಹುಗ್ಗಿ. ಸೊರಟೂರಿನ ಹಿರಿಯರಿಗೆ ಇದ್ದುದನ್ನು ಇದ್ದಂತೆ ಫೋನಿನಲ್ಲಿ ಹೇಳಿದೆ.

"ಹತ್ತಕ್ಕ ಬಂದ್ರ ಬಂತು. ತಡ ಆದ್ರ ಊರ ಮುಂದ ನನ್ನ ಮಾನ ಹೋಗತೈತಿ, ನೋಡ್ರಿ ಬಾಯಾರ" ಎಂದರು.

ಡೋಣಿಯವರದು ಮೊದಲ ಹಕ್ಕು. ಅವರು ಒಲ್ಲೆ ಎಂದರೆ ಸೊರಟೂರಿಗೆ ಹುಗ್ಗಿ ಇಲ್ಲ. ಇಂಥದ್ದನ್ನು ಫೋನಿನಲ್ಲಿ ಕೇಳಬಾರದೆಂದು ಶುಕ್ರವಾರ ನಾನೇ ಡೋಣಿಯ ಬಸ್ಸು ಹತ್ತಿದೆ.

ಮದುಮಗಳ ತಾಯಿ ಅಂಗಳದಲ್ಲಿ ನಾಲ್ಕು ಹೆಂಗಸರ ಜೊತೆ ಕುಟ್ಟಿದ ಗೋಧಿ ಹಸನು ಮಾಡುತ್ತ ಕೂತಿದ್ದಳು. ಹೊಲದಲ್ಲಿ ದುಡಿದ ಗಟ್ಟಿ ಕೈಗಳು, ಅದಕ್ಕಿಂತ ಗಟ್ಟಿ ದನಿ. ಬಸ್ಸಿನಲ್ಲಿ ನಾನು ಮಾತು ಚೆನ್ನಾಗಿ ಜೋಡಿಸಿಕೊಂಡಿದ್ದೆ. ಸಾಫ್ಟ್‌ವೇರಿನಲ್ಲಿ ಮೂರು ಆವೃತ್ತಿ ಇರುತ್ತವೆ, ಸಣ್ಣದರಲ್ಲಿ ಷರಾ ಖಾನೆ ಇರುವುದಿಲ್ಲ ಎಂದು ಶುರುಮಾಡಿದೆ. ಆಕೆ ಕೈಯೆತ್ತಿದಳು.

"ಅದೆಲ್ಲಾ ನನಗ ತಿಳಿಯಂಗಿಲ್ಲ ಬೇ. ತಪ್ಪು ಕಂಪ್ಯೂಟರಿಂದೋ, ನಿಂದೋ?"

"ನಂದ್ರಿ ಅಕ್ಕಾರ."

ಮೊರ ಆಡಿಸುತ್ತಿದ್ದ ಹೆಂಗಸರೂ ನಿಲ್ಲಿಸಿದರು. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನನ್ನ ಮದವಿ ಹುಗ್ಗಿ ಅದ ಕೊಪ್ಪರಿಗ್ಯಾಗ ಆಗಿತ್ತು. ಅದಕ್ಕಂತ ಮುಂಡರಗಿಗೆ ಹೋಗಿ ಎಲ್ಲಾರಕಿಂತ ಮೊದಲ ಹೇಳಿ ಬಂದೇನಿ. ಸೊರಟೂರಾಗೂ ಹೆಣ್ಣಿನ ಮದವಿನ ಏನು?"

"ಹೌದ್ರಿ. ಮೊಮ್ಮಗಳದು."

ಆಕೆ ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಬಿಸಾಡಿದಳು. ಇನ್ನೊಂದು ಆರಿಸಿದಳು. ಅಷ್ಟರಲ್ಲಿ ನನಗೆ ಒಂದು ವರ್ಷ ವಯಸ್ಸು ಹೆಚ್ಚಾಯಿತು.

"ಆತು. ಎಂಟರೊಳಗ ಖಾಲಿ ಮಾಡಿ ಕೊಡತೇವಿ. ಆದ್ರ ಮದವಿ ಮನ್ಯಾಗ ಮುಂಜಾನೆ ಕೊಪ್ಪರಿಗಿ ತಿಕ್ಕಾಕ ನಮ್ಮ ಹೆಣ್ಣಮಕ್ಕಳಿಗೆ ಪುರಸತ್ತಿಲ್ಲ. ತಿಕ್ಕಾಕಿ ನೀನ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಕೆಯ ಕಾಲು ಮುಟ್ಟಬೇಕೆನಿಸಿತು, ಆದರೆ ಮಡಿಲ ತುಂಬ ಗೋಧಿ ಇತ್ತು. ಬಿಸಿ ಚಹಾ ಕುಡಿಸಿಯೇ ಬಸ್ಸು ಹತ್ತಿಸಿದಳು.

ಭಾನುವಾರ ಹಮಾಲ ಮಾಮಾನ ಜೊತೆ ಸಣ್ಣ ಲಾರಿಯಲ್ಲಿ ಡೋಣಿ ಮುಟ್ಟಿದಾಗ ಕಪ್ಪತಗುಡ್ಡದ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ಹಿಂದಿನ ದಿನವೇ ಕಳಿಸಿದ್ದ ಕೊಪ್ಪರಿಗೆಯಲ್ಲಿ ಹುಗ್ಗಿ ಕೊತಕೊತ ಕುದಿಯುತ್ತಿತ್ತು. ಏಳೂವರೆಗೆ ಬೆಲ್ಲ ಬಿತ್ತು. ಎಂಟಾಯಿತು. ದೇವರಿಗೆ ಎಡೆ ಹಿಡಿಯದೆ ಬಗ್ಗಿಸುವುದಿಲ್ಲ ಎಂದು ಅಡುಗೆಯವರು ಹುಟ್ಟು ಹಿಡಿದು ನಿಂತರು. ಎಡೆ ಒಯ್ಯಬೇಕಾದ ಅಜ್ಜ ಸ್ನಾನಕ್ಕೆ ಹೋಗಿದ್ದವರು ಬರಲೊಲ್ಲರು. ನಾನು ಗಡಿಯಾರ ನೋಡುವುದು, ಬಚ್ಚಲಿನ ಬಾಗಿಲು ನೋಡುವುದು. ಕೊನೆಗೆ ಮದುಮಗಳ ತಾಯಿಯೇ ಬಚ್ಚಲಿನ ಮುಂದೆ ನಿಂತು, "ಯಪ್ಪಾ, ಇವತ್ತ ಮದವಿ ನಿಂದಲ್ಲ, ಜಲ್ದಿ ಬಾ!" ಎಂದು ಕೂಗಿದಳು. ಅಜ್ಜ ತಲೆ ಒರೆಸಿಕೊಳ್ಳುತ್ತ ಬಂದರು.

ಹಂಡೆಗಳಿಗೆ ಬಗ್ಗಿಸಿ ಮುಗಿದಾಗ ಎಂಟೂಕಾಲು. ತಳದಲ್ಲಿ ಒಂದು ಬೆರಳು ದಪ್ಪ ಸೀದ ಪದರು. ಹೊರಗೆ ನಿಂತು ಬಗ್ಗಿದರೆ ನನ್ನ ಕೈ ಅಲ್ಲಿಯವರೆಗೆ ಹೋಗಲಿಲ್ಲ. ದಿಕ್ಕು ತೋಚದವಳಂತೆ ಒಂದು ಕ್ಷಣ ನಿಂತೆ ಎಂದು ಬರೆಯಲು ಚೆನ್ನಾಗಿರುತ್ತದೆ, ಆದರೆ ನಿಲ್ಲಲು ಪುರಸೊತ್ತಿರಲಿಲ್ಲ. ತಣ್ಣೀರು ಸುರಿದು ಆರಿಸಿ, ಮದುವೆಗೆಂದು ಉಟ್ಟಿದ್ದ ಇಳಕಲ್ ಸೀರೆಯನ್ನು ಮೊಣಕಾಲಿಗೆ ಕಟ್ಟಿಕೊಂಡು ಒಳಗೆ ಇಳಿದೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ತಿಕ್ಕಿದೆ ನೋಡಿ, ಬಿ.ಕಾಂ. ಪರೀಕ್ಷೆಗೂ ಅ‌ಷ್ಟು ಕಷ್ಟಪಟ್ಟಿರಲಿಲ್ಲ. ಸುತ್ತ ಹೆಂಗಸರು ನಿಂತು, ಅಲ್ಲಿ ಉಳಿದೈತಿ, ಇಲ್ಲಿ ಉಳಿದೈತಿ ಎಂದು ತೋರಿಸುತ್ತಿದ್ದರು.

ಅಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಗುಂಯ್ ಎಂದಿತು. ನೋಡಿದರೆ ಕಾಕಾ. ಆ ಗುಂಪಿನಲ್ಲಿ ಅವರು ಮೊಟ್ಟಮೊದಲ ಸಲ ಕೇಳಿದ್ದರು: "ಒಳಗ ಯಾರಾದೀರಿ?"

ಬೂದಿ ಕೈಯಲ್ಲೇ ಒತ್ತಿದೆ: "ನಾ ಒಳಗ ಅದೀನಿ."

ಕೂಡಲೇ ಮುಂಡರಗಿಯಿಂದ ಬಂತು: "ಹೋಲ್ಡಾನ್."

ತೊಳೆದು ಹೊರಗೆ ಬಂದಾಗ ಎಂಟು ಐವತ್ತು. ನಾಲ್ವರು ಸೇರಿ ಲಾರಿಗೆ ಏರಿಸಿದರು. ಹೊರಡಬೇಕು, ಮದುಮಗಳ ತಾಯಿ ಒಂದು ಸೌಟು ಹುಗ್ಗಿ ಹಿಡಿದು ಓಡಿಬಂದಳು.

"ಖಾಲಿ ಒಯ್ಯಾಕತ್ತೀಯಲ್ಲ ಬೇ! ಮದವಿ ಮನ್ಯಾಗಿಂದ ಕೊಪ್ಪರಿಗಿ ಖಾಲಿ ಹೋಗಬಾರದು!"

"ಅಕ್ಕಾರ, ನಿಮ್ಮ ಕಾಲ ಬೀಳತೇನಿ, ಈಗರ ತಿಕ್ಕೇನ್ರಿ!"

ಆಕೆ ನಿಂತು ಯೋಚಿಸಿ, ಒಳಗೆ ಹೋಗಿ ಒಂದು ಹಿತ್ತಾಳೆಯ ತಂಬಿಗೆಯ ತುಂಬ ಹುಗ್ಗಿ ಹಾಕಿ, ಮೇಲೆ ಎಲೆ ಮುಚ್ಚಿ ದಾರ ಕಟ್ಟಿ ತಂದಳು. ಅದನ್ನು ಕೊಪ್ಪರಿಗೆಯ ನಡುವೆ ಇಟ್ಟಳು. "ಸೊರಟೂರ ಮದಮಗಳಿಗೆ. ಡೋಣಿಯಿಂದ ಅಂತ ಹೇಳು."

ದಾರಿಯಲ್ಲಿ ಒಂದು ಕುರಿ ಹಿಂಡು ಅಡ್ಡ ಬಂತು. ಕುರಿಗಳಿಗೆ ಮುಹೂರ್ತ ತಿಳಿಯುವುದಿಲ್ಲ. ಮಾಮಾ ಇಳಿದು ಹೋಗಿ, ಕುರಿಗಾರರಿಗೆ ಕೈಮುಗಿದು, ಅವರ ಜೊತೆ ತಾವೂ ಹುರ್ ಹುರ್ ಎನ್ನುತ್ತ ಹಿಂಡನ್ನು ದಾಟಿಸಿದರು. ನಾನು ಲಾರಿಯ ಹಿಂದೆ, ತಂಬಿಗೆ ಉರುಳದಂತೆ ಹಿಡಿದು ಕೊಪ್ಪರಿಗೆಯ ಒಳಗೇ ಕೂತಿದ್ದೆ. ಸೊರಟೂರು ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ ಇತ್ತು. ಹಿರಿಯರು ಹಂದರದ ಕಂಬಕ್ಕೆ ಕೈಯಾನಿಸಿ ದಾರಿಯನ್ನೇ ನೋಡುತ್ತ ನಿಂತಿದ್ದರು. ಕೊಪ್ಪರಿಗೆಯಿಂದ ನಾನು ಎದ್ದು ನಿಂತದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನ್ರಿ ಕೈಯಾಗ?"

"ಡೋಣಿ ಮದವಿ ಹುಗ್ಗಿರಿ. ನಿಮ್ಮ ಮೊಮ್ಮಗಳಿಗಂತ ಕಳಿಸ್ಯಾರ."

ಮೂರು ದಿನದಿಂದ ಸಿಟ್ಟಿನಲ್ಲಿದ್ದ ಮನುಷ್ಯ. ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಾವೇ ಒಳಗೆ ಒಯ್ದರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೊದಲ ಪಂಕ್ತಿಗೆ ಹುಗ್ಗಿ ಬಿತ್ತು. ಆ ಮದುಮಗಳನ್ನು ಬಿಟ್ಟರೆ ಆ ದಿನ ಎರಡೂ ಊರಿನ ಹುಗ್ಗಿ ತಿಂದವರು ನಾನು ಮತ್ತು ಮಾಮಾ ಇಬ್ಬರೇ. ಯಾವುದು ರುಚಿಯಾಗಿತ್ತು ಎಂದು ಕೇಳಬೇಡಿ. ಎರಡೂ ಊರಿನವರು ಮತ್ತೆ ನಮ್ಮ ಅಂಗಡಿಗೆ ಬರಬೇಕು.

ಸೋಮವಾರ ಕೊಪ್ಪರಿಗೆ ಬೆಟಗೇರಿಗೆ ತಿರುಗಿ ಬಂತು. ಒಳಗೆ ಅದೇ ಹಿತ್ತಾಳೆಯ ತಂಬಿಗೆ, ತುಂಬ ಸೊರಟೂರಿನ ಹುಗ್ಗಿ. ಪಕ್ಕದಲ್ಲಿ ಒಂದು ತೆಂಗಿನಕಾಯಿ, ಒಂದು ಖಣ, 'ಡೋಣಿ ಮದಮಗಳ ಉಡಿಗೆ' ಎಂಬ ಚೀಟಿ. ಮುಂಡರಗಿಯ ಕಂಡಕ್ಟರು ಅವನ್ನು ತಾವೇ ಡೋಣಿಗೆ ಮುಟ್ಟಿಸುತ್ತೇನೆಂದು ಒಯ್ದರು. ಟಿಕೇಟು ಬೇಕಿಲ್ಲವಂತೆ.

ಚಾಚಾ ಅದನ್ನೆಲ್ಲ ನೋಡಿದರು. ಹಳೆಯ ವಹಿಯನ್ನು ಕಪಾಟಿಗೆ ಇಟ್ಟು ಬಾಗಿಲು ಹಾಕಿದರು. "ತುಂಬಿ ಚೆಲ್ಲೇತಿ. ದೊಡ್ಡದು ತರಸು" ಎಂದರು.

ಸಣ್ಣದರಿಂದ ದೊಡ್ಡದಕ್ಕೆ ಏರಿಸುವ ಕೆಲಸಕ್ಕೆ ಒಂದು ಕ್ರಮವಿದೆ. ಇದ್ದ ಮಾಹಿತಿಯನ್ನೆಲ್ಲ ಪೆನ್ ಡ್ರೈವಿಗೆ ನಕಲು ಮಾಡಿದೆ. ನಕಲು ತೆರೆಯುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದೆ. ಎಲ್ಲರೂ ಹೊರಗೆ ಬರ್ರಿ ಎಂದು ಗುಂಪಿನಲ್ಲಿ ಹಾಕಿದೆ. ಮುಂಡರಗಿ ರೈಟ್ ಎಂದಿತು, ಶಿರಹಟ್ಟಿಯೂ ಹೊರಗೆ ಬಂತು. ಆದರೂ ಅರ್ಧಕ್ಕೆ ನಿಂತು, ಒಳಗೆ ಯಾರೋ ಇದ್ದಾರೆ ಎಂದು ಪರದೆ ಹೇಳತೊಡಗಿತು. ಫೋನು ಮಾಡಿದೆ.

"ನಾ ಎಲ್ಲಿ ಒಳಗ ಅದೀನಿ? ಮನ್ಯಾಗ ಊಟಕ್ಕ ಕುಂತೀನಿ" ಎಂದರು ಕಾಕಾ.

"ನೀವು ಊಟಕ್ಕ ಕುಂತೀರಿ, ನಿಮ್ಮ ಕಂಪ್ಯೂಟರ್ ಇನ್ನೂ ಕೆಲಸಕ್ಕ ಕುಂತೈತ್ರಿ."

ಅವರು ಕೈತೊಳೆದು ಅಂಗಡಿಗೆ ಹೋಗಿ ಹೊರಗೆ ಬರುವವರೆಗೆ ಅರ್ಧ ತಾಸು. ಆಮೇಲೆ ಎಲ್ಲ ಸರಾಗ. ಕೀಲಿಯ ಚಿತ್ರ ಮಾಯವಾಯಿತು. ಹೆಸರುಗಳ ಮಿತಿ ಹೋಯಿತು. ಸೌಟು ಮತ್ತು ಬಂಧುಗಳು ಪಾಲಾಗಿ ಬೇರೆ ಬೇರೆ ಮನೆ ಮಾಡಿದವು. ನಾಲ್ಕೂ ಊರಿನವರು ಒಟ್ಟಿಗೇ ಒಳಗೆ ಬಂದರೂ ಯಾರೂ ಹೊರಗೆ ಬೀಳಲಿಲ್ಲ.

ಪ್ರತಿ ಸಾಮಾನಿನ ಎದುರೂ ಹೊಸ ಖಾನೆಯೊಂದು ತೆರೆದುಕೊಂಡಿತ್ತು: ಮೀಸಲು.

"ಅಂದ್ರ?" ಎಂದರು ಚಾಚಾ.

"ಪಟ್ಟಿಯೊಳಗ ಇರತೈತಿ, ಆದ್ರ ಯಾರಿಗೂ ಕೊಡಾಕ ಬರಂಗಿಲ್ಲ. ಅಂಥಾವು ಎಷ್ಟು ಅಂತ ಇಲ್ಲಿ ಬರೀಬೇಕ್ರಿ."

ಚಾಚಾ ಕನ್ನಡಕ ತೆಗೆದು ಹೊಟ್ಟೆ ಕುಲುಕಿಸಿ ನಕ್ಕರು. "ಇದನ್ನ ನಮ್ಮಜ್ಜ ಪುಕ್ಕಟ ಕೊಟ್ಟಿದ್ದ ಬೇಟಿ!"

ಎಲ್ಲದರ ಎದುರೂ ಮೀಸಲು ಒಂದು ಎಂದು ಹಾಕುತ್ತ ಬಂದೆ. ಕೊಪ್ಪರಿಗೆ ಒಟ್ಟು ಎರಡು, ಮೀಸಲು ಒಂದು. ಸರಿಯಾಯಿತೇ ಎಂದು ನೋಡಲು ಆ ಭಾನುವಾರದ ತಾರೀಖು ತೆರೆದು ಡೋಣಿಯ ಹೆಸರು ಹಾಕಿದೆ. ಕೊಡಲು ಉಳಿದಿರುವುದು ಎಂಬಲ್ಲಿ ಕೆಂಪಗೆ, ಒಂಟಿಯಾಗಿ, ಸೊನ್ನೆ ಮೂಡಿತು. ಚಾಚಾನ ನಗು ನಿಂತಿತು.

"ಅದನ್ನ ತಗಿ."

"ತಗಿಯಾಕ ಬರಂಗಿಲ್ಲ ಚಾಚಾ. ಅದು ಕಾಣದಿದ್ರ ಮತ್ತ ಡೋಣಿ-ಸೊರಟೂರ ಆಗತೈತಿ."

ಅವರು ಪರದೆಯಿಂದ ಮುಖ ತಿರುಗಿಸಿ ಗೋದಾಮಿನ ಅಂಗಳದ ಕಡೆ ನೋಡಿದರು. ಅಲ್ಲಿ ಮಾಮಾ ಕೊಪ್ಪರಿಗೆಯನ್ನು ಬಿಸಿಲಿಗೆ ಇಟ್ಟಿದ್ದರು. ಚಾಚಾ ಎದ್ದು ಹೋಗಿ, ಅದರ ಅಂಚು ಹಿಡಿದು, ಬಗ್ಗಿ ನೋಡಿ ತಿರುಗಿ ಬಂದರು.

"ಇರಲಿ ಬಿಡು. ಅದು ಸೊನ್ನಿ ಅಲ್ಲ. ಮ್ಯಾಲ ನಿಂತ ನೋಡಿದ್ರ ಕೊಪ್ಪರಿಗಿ ಬಾಯಿ ಹಂಗ ಕಾಣತೈತಿ."

ಒಳಗೆ ಇಳಿದು ತಲೆಯೆತ್ತಿ ನೋಡಿದವಳು ನಾನು. ಒಳಗಿನಿಂದಲೂ ಅದು ಹಾಗೆಯೇ ಕಾಣುತ್ತದೆ, ಅಂಚಿನ ಸುತ್ತ ನಗುವ ಹೆಂಗಸರ ಮುಖಗಳ ಸಮೇತ.

ಕೊನೆಗೆ ಷರಾ ಖಾನೆ ಉಳಿದಿತ್ತು. ಕೀಲಿ ಇಲ್ಲದ, ಬಿಳಿಯ, ಉದ್ದನೆಯ ಖಾನೆ. ಕೊಪ್ಪರಿಗೆಯ ಎದುರು ಎರಡು ಶಬ್ದ ಬರೆದು ಉಳಿಸಿದೆ.

ಮರುವಾರ ಮುಂಡರಗಿ ಕಡೆಯ ಒಂದು ಮದುವೆಗೆ ಗಾಡಿ ಹೇರುವ ಪಟ್ಟಿ ತೆಗೆದೆ. ಬೂದು ಅಕ್ಷರಗಳಿಲ್ಲದ ಸ್ವಚ್ಛ ಕಾಗದ. ಮಾಮಾ ಕನ್ನಡಕ ಏರಿಸಿ ಗೋದಾಮಿಗೆ ಹೋದರು, ಸ್ವಲ್ಪ ಹೊತ್ತಿಗೆ ಪಟ್ಟಿ ಹಿಡಿದುಕೊಂಡು ತಿರುಗಿ ಬಂದರು. ನಾನು ಕುರ್ಚಿಯಿಂದ ಎದ್ದೆ. ಅವರು ಕೊಪ್ಪರಿಗೆಯ ಸಾಲಿನ ಮೇಲೆ ಬೆರಳಿಟ್ಟು, ಷರಾ ಖಾನೆಯಲ್ಲಿದ್ದುದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಖಾಲಿ ಕಳಿಸಬಾರದು."

"ಹೌದು ಮಾಮಾ. ಏನಾತು?"

"ಬೆಲ್ಲ ಎಲ್ಲೈತ್ರಿ ಬಾಯಾರ? ಕಂಪ್ಯೂಟರ್ ಕೇಳಾಕತ್ತೈತಿ."